ತೋಟದವರ ಮನೆಯ ಹುಡುಗಿ

ಮಳೆಗಾಲ ಹಿಡಿದರೆ ಸಾಕು, ಮಡಿಕೇರಿಯ ನನ್ನ ಆಪ್ತಸಲಹೆಯ ಕೋಣೆಗೆ ಇಂಥದ್ದೊಂದು ಪ್ರಕರಣ ಬಂದೇ ಬರುತ್ತದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಬಿ.ಕಾಂ. ಹುಡುಗಿ. ನಿದ್ದೆಯಿಲ್ಲ, ತರಗತಿಗೆ ಬರುತ್ತಿಲ್ಲ ಎಂದು ಉಪನ್ಯಾಸಕಿಯೊಬ್ಬರು ಕಳಿಸಿದ್ದರು. ಫೀಸು ಅರ್ಧ ಬಾಕಿ ಇದೆಯೆಂದು ಬಾಯಿಬಿಟ್ಟದ್ದು ಎರಡನೇ ಭೇಟಿಯಲ್ಲಿ. ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದೀಯಾ ಎಂದೆ.

"ನಾವು ತೋಟದವರು ಮೇಡಂ. ನಮಗೆಲ್ಲ ಕೊಡಲ್ಲ."

ತೋಟವೆಂದರೆ ಎರಡು ಎಕರೆ ರೊಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿದ ಒಂದಿಷ್ಟು ಮೆಣಸು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಅದೂ ಇಲ್ಲ.

ಮುಂದಿನ ವಾರ ಅಪ್ಪನನ್ನು ಕರೆಸಿದೆ. ಕುರ್ಚಿಯ ತುದಿಯಲ್ಲಿ ಕೂತು, "ಲೈನ್ ಮನೆಯವರ ಜೊತೆ ನಾಡಕಚೇರಿಯಲ್ಲಿ ಕ್ಯೂ ನಿಲ್ಲಬೇಕಾ ನಾನು?" ಎಂದರು. ಲೈನ್ ಮನೆಯೆಂದರೆ ತೋಟದ ಕೂಲಿಯವರ ಸಾಲು ಮನೆ. ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ತಡೆದುಕೊಂಡು, ಕಳೆದ ವರ್ಷದ ಲೆಕ್ಕ ಹೇಳಿ ಎಂದೆ. ತುಂಬ ಹೊತ್ತು ಮಾತಿಲ್ಲ. ಆಮೇಲೆ ಪ್ಲಾಸ್ಟಿಕ್ ಕವರಿನಿಂದ ಪಹಣಿ ತೆಗೆದು ಮೇಜಿನ ಮೇಲಿಟ್ಟರು. ಜಮ್ಮಾ ಜಾಗ, ಅಂದರೆ ಕೊಡಗಿನಲ್ಲಿ ತಲೆತಲಾಂತರದಿಂದ ಇಡೀ ಕುಟುಂಬಕ್ಕೆ ಸೇರಿದ ಜಮೀನು. ದಾಖಲೆಯಲ್ಲಿ ತೀರಿಹೋದ ದೊಡ್ಡಜ್ಜನೇ ಇನ್ನೂ ಪಟ್ಟೆದಾರ.

"ಇದರಲ್ಲಿ ನನ್ನ ಹೆಸರೇ ಇಲ್ಲ ಮೇಡಂ. ಊರವರ ಬಾಯಲ್ಲಿ ಮಾತ್ರ ನಾನು ಪ್ಲಾಂಟರ್."

ಮಗಳು ತಲೆಯೆತ್ತಿದಳು. "ಅಮ್ಮನ ಬಳೆ ಬ್ಯಾಂಕಲ್ಲಿದೆ ಅಂತ ನಂಗೊತ್ತು ಅಪ್ಪ."

ಇಬ್ಬರೂ ಒಬ್ಬರಿಗೊಬ್ಬರು ಬಚ್ಚಿಟ್ಟದ್ದು ಒಂದೇ ವಿಷಯ. ಅವಳ ನಿದ್ದೆ ಹೋದದ್ದು ಅಲ್ಲಿ.

ನಾನು ಹೇಳಿದ್ದಿಷ್ಟು: ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಅದಕ್ಕೂ ಮೊದಲು ಮಗಳ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಲ್ಲಿ ವಿಚಾರಿಸಿ. ಮಂಜೂರಾದ ಹಣ ಎಷ್ಟೋ ಸಲ ನಿಲ್ಲುವುದೇ ಅಲ್ಲಿ. ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ವಿದ್ಯಾರ್ಥಿವೇತನ ರೈತ ವಿದ್ಯಾನಿಧಿಯಲ್ಲಿ ಪದವಿ ಓದುವ ಹುಡುಗಿಗೆ ವರ್ಷಕ್ಕೆ 5,500 ರೂಪಾಯಿ ಇಟ್ಟಿದ್ದರು. ಅದಕ್ಕೆ ರೈತರ ಗುರುತಿನ ಸಂಖ್ಯೆ ಬೇಕು, ಜಮ್ಮಾದವರು ಸಿಕ್ಕಿಬೀಳುವುದು ಅದರಲ್ಲೇ. ಹಾಗಾಗಿ ಅದೊಂದನ್ನೇ ನೆಚ್ಚಿಕೊಳ್ಳಬೇಡಿ ಎಂದೆ. ಆದಾಯ ಕಡಿಮೆ ಬರೆಸಿ ಎನ್ನುವವರು ಸಿಗುತ್ತಾರೆ. ಬೇಡವೇ ಬೇಡ ಎಂದೆ: ನಾಚಿಕೆ ಹೋದ ಜಾಗಕ್ಕೆ ಭಯ ಬಂದು ಕೂತರೆ ನನ್ನ ಕೆಲಸ ಮಾಡಿಯೂ ದಂಡ.

ಅರ್ಜಿ ತುಂಬಿಸುವುದು ಆಪ್ತಸಲಹೆಯೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಹೌದು, ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಬಹುದಿತ್ತು. ಫೀಸು ಬಾಕಿಯಿರುವ ಹುಡುಗಿ ಎಷ್ಟು ದೀರ್ಘವಾಗಿ ಉಸಿರೆಳೆದರೂ ಬಾಕಿ ಬಾಕಿಯೇ. ಅವಳ ಸೋದರತ್ತೆಯಂತೂ ಫೋನು ಮಾಡಿ, ಮನೆಯ ಮಾನ ಕಳೆದಿರಿ ಎಂದರು. ಅವರಿಗೆ ಉತ್ತರ ಕೊಡಲು ಹೋಗಲಿಲ್ಲ.

ಅರ್ಜಿಯಲ್ಲಿ ತಂದೆಯ ಉದ್ಯೋಗ ಕೇಳಿದಲ್ಲಿ ಅವಳ ಬೆರಳು ನಿಂತಿತಂತೆ. "ಕೃಷಿ ಅಂತ ಹಾಕು" ಎಂದರಂತೆ ಅಪ್ಪ.

ಹಣ ಇನ್ನೂ ಬಂದಿಲ್ಲ. ಬಾಕಿ ಫೀಸಿಗೆ ಕಾಲೇಜಿನವರು ಕಾಫಿ ಕೊಯ್ಲಿನ ತನಕ ಸಮಯ ಕೊಟ್ಟಿದ್ದಾರೆ. ಪ್ರಾಂಶುಪಾಲರ ಹತ್ತಿರ ಹೋಗಿ ಅದನ್ನು ಕೇಳಿದ್ದು ಅಪ್ಪನೇ.