ವೀಡ್ ಕಟ್ಟರ್ ಹಿಡಿದ ಮೇಲೆ ಕಿವಿಯಲ್ಲಿ ಜೀರುಂಡೆ

ಮೂರು ದಿನ ಸತತವಾಗಿ ಅಡಿಕೆ ತೋಟದಲ್ಲಿ ವೀಡ್ ಕಟ್ಟರ್ ಹಿಡಿದ ಬಳಿಕ ಎರಡೂ ಕಿವಿಗಳಲ್ಲಿ ಜೀರುಂಡೆ ಕೂಗಿದಂತಹ ಸದ್ದು ನಿಲ್ಲುತ್ತಿಲ್ಲ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಬಹುದೇ ಎಂದು ತಾವು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಕಿವಿಮೊರೆತ ಎನ್ನುವ ಈ ಸದ್ದು ಹುಟ್ಟುವ ಜಾಗಕ್ಕೆ ಎಣ್ಣೆ ತಲುಪುವುದೇ ಇಲ್ಲ. ಕಿವಿತಮಟೆಯಲ್ಲಿ ತೂತಿದ್ದರಂತೂ ಒಳಗೆ ಸೋಂಕಾಗುವ ಅಪಾಯವಿದೆ.

ಒಳಕಿವಿಯ ಶಂಖದಂತಹ ಸುರುಳಿಯಲ್ಲಿ ಸದ್ದನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಸುಮಾರು 15 ಸಾವಿರ ಇರುತ್ತವೆ, ಮತ್ತು ಸತ್ತವು ಮತ್ತೆ ಹುಟ್ಟುವುದಿಲ್ಲ. ಕೋಶಗಳಿಂದ ಬರುವ ಸಂಕೇತ ಕ್ಷೀಣಿಸಿದಾಗ ಮಿದುಳು ತನ್ನ ಗ್ರಹಣಶಕ್ತಿಯನ್ನು ಏರಿಸಿಕೊಳ್ಳುತ್ತದೆ ಎಂಬುದು ಈಗ ಹೆಚ್ಚಾಗಿ ಒಪ್ಪಿತವಾದ ವಿವರಣೆ. ಕಣಿವೆಯ ಮನೆಯಲ್ಲಿ ಭದ್ರಾವತಿ ಆಕಾಶವಾಣಿ ಸರಿಯಾಗಿ ಸಿಗದೆ ವಾಲ್ಯೂಮ್ ತಿರುಗಿಸಿದರೆ ಬರೀ ಗೊರಗೊರ ಹೆಚ್ಚುತ್ತದಲ್ಲ, ಹಾಗೆ. ಆದ್ದರಿಂದಲೇ ಕಿವಿಮೊರೆತವನ್ನು ರೋಗವೆನ್ನುವುದಕ್ಕಿಂತ ಲಕ್ಷಣವೆನ್ನುವುದು ಸರಿ.

ಗದ್ದಲದಿಂದ ಬಂದ ಮೊರೆತ ಅನೇಕರಲ್ಲಿ ಕೆಲವು ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ತಗ್ಗುತ್ತದೆ. ಅಲ್ಲಿಯವರೆಗೆ ಯಂತ್ರವನ್ನು ಮುಟ್ಟಬೇಡಿ. ವಾರ ಕಳೆದರೂ ಇಳಿಯದಿದ್ದರೆ ಕಿವಿ, ಮೂಗು, ಗಂಟಲು ತಜ್ಞರಲ್ಲಿ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಿ. ಗದ್ದಲದ ಪೆಟ್ಟು ತಿಂದ ಕಿವಿಯಾದರೆ ಆ ಪರೀಕ್ಷೆಯ ನಕ್ಷೆಯಲ್ಲಿ 4000 ಹರ್ಟ್ಸ್, ಅಂದರೆ ಕೀರಲು ಸ್ವರದ, ಆಸುಪಾಸಿನಲ್ಲಿ ಒಂದು ತಗ್ಗು ಕಾಣಿಸುವುದುಂಟು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಈ ಪರೀಕ್ಷೆ ಆಗುತ್ತದೆ. ಕೆಲವೊಮ್ಮೆ ಗಟ್ಟಿಯಾದ ಗುಗ್ಗೆಯೇ ಕಾರಣವಾಗಿರುತ್ತದೆ, ತೆಗೆಸಿದರೆ ಮುಗಿಯಿತು. ಆದರೆ ಒಂದು ಕಿವಿ ಏಕಾಏಕಿ ಮಂದವಾಗಿದ್ದರೆ ಅದೇ ದಿನ ಹೊರಡಿ, ಏಕೆಂದರೆ ಅದಕ್ಕೆ ಕೊಡುವ ಸ್ಟೀರಾಯ್ಡ್ ತಡವಾದಷ್ಟೂ ನಿಷ್ಫಲವಾಗುತ್ತದೆ. ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿಬಡಿತದ ಲಯದಲ್ಲಿ ಕೇಳಿಸಿದರೆ, ಅಥವಾ ಜೊತೆಗೆ ತಲೆ ತಿರುಗುತ್ತಿದ್ದರೆ ಕಾಯುತ್ತ ಕೂರಬೇಡಿ. ಸೇವಿಸುತ್ತಿರುವ ಔಷಧಗಳ ಚೀಟಿಯನ್ನೂ ಕೊಂಡೊಯ್ಯಿರಿ. ಹೆಚ್ಚಿನ ಪ್ರಮಾಣದ ಆಸ್ಪಿರಿನ್, ಜೆಂಟಾಮೈಸಿನ್ ಚುಚ್ಚುಮದ್ದು ಇಂಥವೂ ಕಿವಿಯನ್ನು ಕಾಡುತ್ತವೆ.

ಮೊರೆತವನ್ನು ನಿಲ್ಲಿಸುವ ಮಾತ್ರೆ ಇಲ್ಲ. ಗಿಂಕ್ಗೊ ಎಂಬ ಮರದ ಎಲೆಯ ಸಾರದ ಮಾತ್ರೆ ಮುಂತಾದವುಗಳಿಗೆ ನಾನೂ ದುಡ್ಡು ಸುರಿದಿದ್ದೇನೆ, ಫಲ ಕಾಣಲಿಲ್ಲ. ಉಪಯೋಗಕ್ಕೆ ಬಂದದ್ದು ಸದ್ದಿನಿಂದ ಸದ್ದನ್ನು ಮಸುಕಾಗಿಸುವ ಕ್ರಮ. ಮಳೆಗಾಲದಲ್ಲಿ ಹೆಂಚಿನ ಮೇಲಿನ ಮಳೆಯೇ ಆ ಕೆಲಸ ಮಾಡುತ್ತದೆ, ಆದರೆ ಡಿಸೆಂಬರಿನ ನಿಶ್ಶಬ್ದ ರಾತ್ರಿಗಳಲ್ಲಿ ಫ್ಯಾನ್ ತಿರುಗಿಸಿಯೋ ರೇಡಿಯೊವನ್ನು ತೀರಾ ಸಣ್ಣಗೆ ಇಟ್ಟೋ ಮಲಗಬೇಕಾಗುತ್ತದೆ. ಕಿವಿ ಮಂದವಾಗಿರುವವರಿಗೆ ಶ್ರವಣಯಂತ್ರದಿಂದ ಮೊರೆತವೂ ಹಗುರಾಗುವುದುಂಟು. ನಿದ್ದೆಗೆಟ್ಟು ಮನಸ್ಸು ಕುಗ್ಗಿದವರಿಗೆ ಆಲೋಚನಾಕ್ರಮವನ್ನು ತಿದ್ದುವ ಮನೋಚಿಕಿತ್ಸೆ ಪ್ರಯೋಜನಕರ. ಅದು ಸದ್ದನ್ನು ಅಳಿಸುವುದಿಲ್ಲ, ಅದರ ಕಾಟವನ್ನು ಇಳಿಸುತ್ತದೆ.

ಇನ್ನು ಯಂತ್ರದ ವಿಚಾರ. ದಿನಕ್ಕೆ 85 ಡೆಸಿಬೆಲ್ ಗದ್ದಲದಲ್ಲಿ 8 ಗಂಟೆ ಮಿತಿ ಎಂದಿಟ್ಟುಕೊಂಡು, ಪ್ರತಿ 3 ಡೆಸಿಬೆಲ್ ಏರಿದಾಗ ಅವಧಿಯನ್ನು ಅರ್ಧಕ್ಕೆ ಇಳಿಸುವುದು ತಜ್ಞರ ಲೆಕ್ಕ. ಪೆಟ್ರೋಲ್ ಕಟ್ಟರ್ ಹಿಡಿದವನ ಕಿವಿಯ ಬಳಿ 95 ಡೆಸಿಬೆಲ್ ದಾಟುವುದು ಸಾಮಾನ್ಯ; 97 ಎಂದರೂ ಬರಿಗಿವಿಗೆ ಅರ್ಧ ಗಂಟೆಯಷ್ಟೇ. ನಾವಾದರೋ ಬೆಳಿಗ್ಗೆಯಿಂದ ಸಂಜೆಯವರೆಗೆ ಹತ್ತಿ ತುರುಕಿಕೊಂಡು ಕೊಚ್ಚುತ್ತೇವೆ, ಆ ಹತ್ತಿ ಏನೇನೂ ಸಾಲದು. ಕೂಲಿಗೆ ಬರುವ ಹುಡುಗರು ಇಯರ್‌ಫೋನ್ ಸಿಕ್ಕಿಸಿ ಎಂಜಿನ್ನಿಗಿಂತ ಜೋರಾಗಿ ಹಾಡು ಹಾಕಿಕೊಳ್ಳುವುದು ಇನ್ನೂ ಕೆಟ್ಟದ್ದು. ಅವರಿಗೂ ಮಾಲೀಕರೇ ಇಡೀ ಕಿವಿ ಮುಚ್ಚುವ ಇಯರ್‌ಮಫ್ ಕೊಡಿಸಬೇಕು. ಫೋಮ್ ಇಯರ್‌ಪ್ಲಗ್ ಆದರೆ ಶುದ್ಧ ಕೈಯಲ್ಲಿ ಬತ್ತಿಯಂತೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಉಬ್ಬಿ ಕೂರುವ ತನಕ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಸುಮ್ಮನೆ ಕಿವಿಯ ಬಾಯಿಗೆ ಸಿಕ್ಕಿಸಿಕೊಂಡ ಪ್ಲಗ್ ಹತ್ತಿಗಿಂತ ಹೆಚ್ಚೇನೂ ಮಾಡದು.