ಬೆಳ್ಳಗಿರುವುದೆಲ್ಲ ಮ್ಯಾಗ್ನೆಸೈಟ್ ಅಲ್ಲ

ಆತ್ಮೀಯರೇ,

ಕ್ಯಾಲಿಫೋರ್ನಿಯಾದ ನ್ಯೂ ಇಡ್ರಿಯಾದಲ್ಲಿ ಸರ್ಪೆಂಟಿನೈಟ್ (ಬಹುಪಾಲು ಸರ್ಪೆಂಟೈನ್ ಖನಿಜದಿಂದಾದ) ಕಲ್ಲಿನ ಬಿರುಕುಗಳಲ್ಲಿ ಸಿಗುವ ಬಿಳಿ ಖನಿಜಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಬರವಣಿಗೆ ಸಲೀಸಾಗಿದೆ. ಆದರೆ ನಿಮ್ಮ ಮೂರನೇ ಪ್ಯಾರಾ ಎರಡು ದಿನದಿಂದ ನನ್ನನ್ನು ಬಿಡುತ್ತಿಲ್ಲ. ಉಳಿದದ್ದನ್ನು ಪಕ್ಕಕ್ಕಿಟ್ಟು ಅದನ್ನಷ್ಟೇ ಎತ್ತಿಕೊಳ್ಳುತ್ತೇನೆ.

‘ಭೂಗರ್ಭದ ಬಿಸಿ ದ್ರವ ಬಿರುಕಿಗೆ ನುಗ್ಗಿ, ತಣಿದು, ಮ್ಯಾಗ್ನೆಸೈಟ್ ಸೂಜಿಗಳಾಯಿತು’ ಎಂದಿದ್ದೀರಿ. ಮ್ಯಾಗ್ನೆಸೈಟ್ ಎಂದರೆ ಒಳಗೆ ನೀರಿಲ್ಲದ ಮೆಗ್ನೀಸಿಯಂ ಕಾರ್ಬೊನೇಟ್. ಒಂದೇ ವಾಕ್ಯದಲ್ಲಿ ಎರಡು ತಪ್ಪು. ನೀವು ವರ್ಣಿಸಿರುವ, ರೇಷ್ಮೆಯಂತೆ ಹೊಳೆಯುವ ಆ ಸೂಜಿಗೊಂಚಲು ಆರ್ಟಿನೈಟ್, ನೀರನ್ನು ಒಳಗಿಟ್ಟುಕೊಂಡ ಮೆಗ್ನೀಸಿಯಂ ಕಾರ್ಬೊನೇಟ್. ಅದು ಹುಟ್ಟುವುದು ನೆಲದ ಮೇಲ್ಪದರದ ತಣ್ಣನೆಯ ಬಿರುಕಿನಲ್ಲಿ. ಮೆಗ್ನೀಸಿಯಂ ತುಂಬಿದ ಆಲಿವೀನ್ ಖನಿಜ ನೀರಿನೊಡನೆ ವರ್ತಿಸಿ ಸರ್ಪೆಂಟೈನ್ ಆಗುವಾಗ ಮಿಕ್ಕ ಮೆಗ್ನೀಸಿಯಂ ಬ್ರೂಸೈಟ್ (ಮೆಗ್ನೀಸಿಯಂ ಹೈಡ್ರಾಕ್ಸೈಡ್) ಆಗಿ ಕಲ್ಲಿನಲ್ಲೇ ಉಳಿಯುತ್ತದೆ. ಗಾಳಿಯ, ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೊತ್ತು ಮಳೆನೀರು ಇಳಿದಾಗ ಸರ್ಪೆಂಟೈನ್‌ಗಿಂತ ಬೇಗ ಕರಗುವುದು ಈ ಬ್ರೂಸೈಟೇ. ಅಣುಗಳ ಲೆಕ್ಕದಲ್ಲಿ ಎರಡು ಪಾಲು ಬ್ರೂಸೈಟ್‌ಗೆ ಒಂದು ಪಾಲು ಇಂಗಾಲದ ಡೈಆಕ್ಸೈಡ್, ಎರಡು ಪಾಲು ನೀರು ಕೂಡಿದರೆ ಆರ್ಟಿನೈಟ್. ಅನಿಲ ಧಾರಾಳವಾಗಿದ್ದರೆ ಐದು ಪಾಲು ಬ್ರೂಸೈಟ್‌ಗೆ ನಾಲ್ಕು ಪಾಲು ಅನಿಲ ಕೂಡಿ ಹೈಡ್ರೋಮ್ಯಾಗ್ನೆಸೈಟ್ ಎಂಬ ಇನ್ನೊಂದು ನೀರುಳ್ಳ ಖನಿಜ. ಅಂದರೆ ಆರ್ಟಿನೈಟ್ ಕಂಡ ಕಡೆ ಅನಿಲಕ್ಕೆ ಬರವಿತ್ತು ಎಂದು ಓದಬಹುದು. ನಿಮ್ಮ ಲೇಖನದ ಜೀವಾಳ ಆಗಬೇಕಿದ್ದದ್ದು ಈ ಲೆಕ್ಕ, ಅದೇ ಅದರಲ್ಲಿಲ್ಲ.

ಹಾಗಾದರೆ ನೇರವಾಗಿ ಮ್ಯಾಗ್ನೆಸೈಟ್ ಏಕೆ ಆಗಲಿಲ್ಲ? ನೀರಿನಲ್ಲಿ ಪ್ರತಿ ಮೆಗ್ನೀಸಿಯಂ ಅಯಾನಿನ ಸುತ್ತ ಆರು ನೀರಿನ ಅಣುಗಳು ಬಿಗಿಯಾಗಿ ಅಂಟಿರುತ್ತವೆ. ತಂಪಿನಲ್ಲಿ ಆ ಹೊದಿಕೆ ಕಳಚುವುದು ಬಲು ನಿಧಾನ. ಹಾಗಾಗಿ ನೀರನ್ನು ಒಳಗಿಟ್ಟುಕೊಂಡ ಖನಿಜಗಳೇ ಮೊದಲು ಕಟ್ಟುತ್ತವೆ. ಇವುಗಳಲ್ಲಿ ಲ್ಯಾನ್ಸ್‌ಫರ್ಡೈಟ್ ಎಷ್ಟು ಸೂಕ್ಷ್ಮವೆಂದರೆ, ಸುಮಾರು 10 ಡಿಗ್ರಿ ಸೆಲ್ಸಿಯಸ್ ದಾಟಿದರೆ ನೀರು ಕಳೆದುಕೊಂಡು ನೆಸ್ಕ್ವಿಹೋನೈಟ್ ಎಂಬ ಬೇರೆ ಖನಿಜ ಆಗಿಬಿಡುತ್ತದೆ.

ಮುಂದಿನ ಸಾಲು: ‘ಆಸಿಡ್ ಹನಿಗೆ ನೊರೆ ಉಕ್ಕಿತು, ಮ್ಯಾಗ್ನೆಸೈಟ್ ಎಂದು ಖಚಿತವಾಯಿತು.’ ಇದು ತೀರಾ ತಿರುಗುಮುರುಗು. ತಣ್ಣನೆಯ, ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಮ್ಯಾಗ್ನೆಸೈಟ್ ತುಂಡು ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಪುಡಿ ಮಾಡಬೇಕು, ಇಲ್ಲವೇ ಆಮ್ಲ ಬೆಚ್ಚಗಾಗಬೇಕು. ಥಟ್ಟನೆ ನೊರೆಯುವುದು ಆರ್ಟಿನೈಟ್. ಅರಗೊನೈಟ್ (ನೀರಿಲ್ಲದ ಕ್ಯಾಲ್ಸಿಯಂ ಕಾರ್ಬೊನೇಟ್) ಸೂಜಿಗಳೂ ಹಾಗೇ ನೊರೆಯುತ್ತವೆ, ಆದ್ದರಿಂದ ಅಲ್ಲಿಗೇ ನಿಲ್ಲುವಂತಿಲ್ಲ. ನಾನು ಕೆಲಸ ಕಲಿಯುವಾಗ ಆಸಿಡ್ ಆದ ಮೇಲೆ ಗಾಜಿನ ನಳಿಕೆ ಹಿಡಿಯದೆ ಖನಿಜದ ಹೆಸರು ಬರೆಯಲು ಬಿಡುತ್ತಿರಲಿಲ್ಲ. ಒಂದು ಬದಿ ಮುಚ್ಚಿದ ನಳಿಕೆಯ ತಳಕ್ಕೆ ಎರಡು ಮೂರು ಸೂಜಿ ಹಾಕಿ ಜ್ವಾಲೆಗೆ ಹಿಡಿಯಿರಿ. ಮೇಲಿನ ತಣ್ಣನೆಯ ಗಾಜಿನ ಮೇಲೆ ನೀರಹನಿ ಮೂಡಿದರೆ ಅದು ಅರಗೊನೈಟ್ ಅಲ್ಲ. ಸರ್ಪೆಂಟೈನಿನ ನಾರಿನಂಥ ರೂಪವಾದ ಕ್ರಿಸೋಟೈಲ್ ಎಳೆಗಳೂ ಜೋರು ಬಿಸಿಗೆ ನೀರು ಬಿಡುತ್ತವೆ, ಆದರೆ ಆಮ್ಲಕ್ಕೆ ನೊರೆಯುವುದಿಲ್ಲ. ಎರಡೂ ಪರೀಕ್ಷೆ ಜೊತೆಗಿರಲಿ.

ಕ್ರಿಸೋಟೈಲ್ ಎಂದರೆ ಕಲ್ನಾರು (ಆಸ್ಬೆಸ್ಟಾಸ್), ಅದರ ಧೂಳು ಉಸಿರಿಗೆ ಅಪಾಯ. ಹೀಗಿರುವಾಗ ‘ಚಾಕುವಿನಿಂದ ಕೆರೆದು, ಧೂಳು ಊದಿ’ ಎಂದು ಓದುಗರಿಗೆ ಹೇಳಿದ್ದೀರಲ್ಲ, ನನಗೆ ನಿಜಕ್ಕೂ ಸಿಟ್ಟು ಬಂದದ್ದು ಅಲ್ಲಿ. ನೀವು ಬರೆದಿರುವ ಸೀಮೆಯಲ್ಲೇ ಇರುವ ಕ್ಲಿಯರ್ ಕ್ರೀಕ್ ಪ್ರದೇಶವನ್ನು 2008ರಲ್ಲಿ ಜನರಿಗೆ ಮುಚ್ಚಿದ್ದು ಇದೇ ಧೂಳಿನ ಭಯಕ್ಕೆ. ಆ ಸಾಲು ತೆಗೆಯಿರಿ. ಕಲ್ಲನ್ನು ಮೊದಲು ಚೆನ್ನಾಗಿ ಒದ್ದೆ ಮಾಡಿ, ಚಿಮಟದಿಂದ ಸೂಜಿ ಬಿಡಿಸಿಕೊಳ್ಳಬೇಕು ಎಂದು ಬರೆಯಿರಿ. ನಳಿಕೆಗೆ ಹಾಕುವ ಮುನ್ನ ಆ ಸೂಜಿಗಳನ್ನು ಬಿಸಿ ಮಾಡದೆ, ನೆರಳಲ್ಲೇ ಪೂರ್ತಿ ಒಣಗಿಸಬೇಕೆಂಬುದನ್ನೂ ಸೇರಿಸಿ. ಇಲ್ಲದಿದ್ದರೆ ಗಾಜಿನ ಮೇಲೆ ಕಾಣುವುದು ನೀವೇ ಎರಚಿದ ನೀರು.