ಷಾ ಬರೀ ಜೋಕುಗಾರರಾ?

‘ಬರ್ನಾರ್ಡ್ ಷಾ ಹೆಸರಿನ ಜೋಕುಗಳು ಮೊಬೈಲಿಗೆ ದಿನಾ ಬರುತ್ತವೆ. ಅದು ಬಿಟ್ಟರೆ ಅವರಲ್ಲಿ ಓದುವಂಥದ್ದು ಏನಿದೆ? ಇದ್ದರೆ ಎಲ್ಲಿಂದ ಶುರುಮಾಡಲಿ?’
– ಓದುಗರೊಬ್ಬರು, ಧಾರವಾಡ

ಸಂಪಾದಕರ ಉತ್ತರ:

ತುಂಬಾ ಇದೆ. ನಾಟಕಕಾರ ಷಾ ನಗಿಸಿದ್ದು ಸುಮ್ನೆ ಅಲ್ಲ. ಆ ನಗುವಿನ ಅಡಿಯಲ್ಲಿ ಸಿಟ್ಟಿತ್ತು. ಅದರ ಬೇರು ಐರ್ಲೆಂಡಿನ ಡಬ್ಲಿನ್‌ನಲ್ಲಿದೆ. 1856ರಲ್ಲಿ ಅಲ್ಲಿ ಹುಟ್ಟಿದ ಷಾ, ಹದಿಹರೆಯದಲ್ಲೇ ಶಾಲೆ ಬಿಟ್ಟು ಜಮೀನು ವ್ಯವಹಾರದ ಕಚೇರಿಯೊಂದರಲ್ಲಿ ಗುಮಾಸ್ತರಾದರು. ಬಡವರ ಮನೆಗಳ ಬಾಡಿಗೆ ವಸೂಲಿಯೂ ಆ ಕೆಲಸದಲ್ಲಿತ್ತು. 1876ರಲ್ಲಿ ಲಂಡನ್ ಸೇರಿದರು. ಐದು ಕಾದಂಬರಿ ಬರೆದರು, ಪ್ರಕಾಶಕರು ಒಂದಾದ ಮೇಲೊಂದರಂತೆ ವಾಪಸ್ ಕಳಿಸಿದರು.

1892ರಲ್ಲಿ ರಂಗಕ್ಕೆ ಬಂದ ಮೊದಲ ನಾಟಕ ‘ವಿಡೋವರ್ಸ್ ಹೌಸಸ್’ ನೋಡಿ. ಮನೆ ಮಾಲೀಕ ಸಾರ್ಟೋರಿಯಸ್‌ನ ಕೊಳೆಗೇರಿ ಮನೆಯೊಂದರಲ್ಲಿ ಮೆಟ್ಟಿಲು ಮುರಿದಿದೆ, ಹೆಂಗಸರು ಬಿದ್ದು ಏಟು ಮಾಡಿಕೊಂಡಿದ್ದಾರೆ. ಬಾಡಿಗೆ ವಸೂಲಿಯವನು ಒಂದು ಪೌಂಡ್ ನಾಲ್ಕು ಶಿಲ್ಲಿಂಗ್ ಖರ್ಚು ಮಾಡಿ ರಿಪೇರಿ ಮಾಡಿಸುತ್ತಾನೆ. ಅಷ್ಟಕ್ಕೇ ಅವನ ಕೆಲಸ ಹೋಗುತ್ತದೆ. ಮಾಲೀಕನ ಮಗಳನ್ನು ಮದುವೆಯಾಗಬೇಕಿದ್ದ ಯುವ ಡಾಕ್ಟರಿಗೆ ಈ ಹಣವೇ ಬೇಡ ಅನಿಸುತ್ತದೆ. ಆಗ ಗೊತ್ತಾಗುತ್ತದೆ, ತನಗೆ ವರ್ಷಕ್ಕೆ ಬರುವ 700 ಪೌಂಡ್ ಕೂಡ ಅದೇ ಆಸ್ತಿಯ ಅಡಮಾನದ ಬಡ್ಡಿ! ಇಲ್ಲಿ ಖಳನಾಯಕ ಒಬ್ಬನೇ ಅಲ್ಲ. ಕೈ ತೊಳೆದುಕೊಳ್ಳಲು ಬಂದವನ ಕೈಯೂ ಕೊಳೆಯೇ. ನನಗೆ ಷಾ ದೊಡ್ಡವರಾಗಿ ಕಾಣುವುದು ಇಂಥ ಕಡೆ.

‘ಪಿಗ್ಮೇಲಿಯನ್’ ನಾಟಕದಲ್ಲೂ ಅದೇ ಪಟ್ಟು. ಹೂ ಮಾರುವ ಎಲೈಜಾಗೆ ಮೇಲ್ವರ್ಗದವರ ಮಾತಿನ ಶೈಲಿ ಕಲಿಸಿ ಪಂದ್ಯ ಗೆಲ್ಲುತ್ತಾನೆ ಉಚ್ಚಾರಣೆಯ ಪಂಡಿತ ಹಿಗ್ಗಿನ್ಸ್. ಆದರೆ ಮುಂದೆ ಅವಳ ಗತಿಯೇನು ಎಂದು ಅವನು ಯೋಚಿಸಿರುವುದೇ ಇಲ್ಲ. ಅವಳನ್ನು ಅವನಿಗೇ ಮದುವೆ ಮಾಡಿಸಲು ಷಾ ಒಪ್ಪಲಿಲ್ಲ. 1914ರ ಲಂಡನ್ ಪ್ರದರ್ಶನದಲ್ಲಿ ಹಿಗ್ಗಿನ್ಸ್ ಆಗಿದ್ದ ನಟ ಟ್ರೀ, ಕೊನೆಗೆ ಅವಳತ್ತ ಹೂಗುಚ್ಛ ಎಸೆದು ಪ್ರೇಮದ ಸೂಚನೆ ಕೊಟ್ಟರು. ಷಾ ಕೆಂಡವಾದರು. ಎಲೈಜಾ ಬೇರೆಯವನನ್ನು ಮದುವೆಯಾದಳೆಂದು ಆಮೇಲೆ ಉದ್ದದ ಹಿನ್ನುಡಿಯನ್ನೇ ಬರೆದರು.

ಅವರ ಎಲ್ಲ ಮಾತನ್ನೂ ತಲೆಮೇಲೆ ಹೊರಬೇಕಿಲ್ಲ. ಲಸಿಕೆ ವಿರೋಧಿಸಿದರು. ಸ್ಟಾಲಿನ್ನನನ್ನು ಹೊಗಳಿದರು. ಅದು ತಪ್ಪೇ.

ಹಣದ ವಿಷಯದಲ್ಲಿ ಮಾತ್ರ ಬರೆದಂತೆ ಬದುಕಿದರು. 1925ರ ನೊಬೆಲ್ ಹಣವನ್ನು ಸ್ವೀಡಿಶ್ ಸಾಹಿತ್ಯದ ಅನುವಾದಕ್ಕೆ ಬಿಟ್ಟುಕೊಟ್ಟರು. 1950ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಅವರ ಕೃತಿಗಳಿಂದ ಬರುವ ಗೌರವಧನದ (ರಾಯಲ್ಟಿ) ಒಂದು ಪಾಲು ಐರ್ಲೆಂಡಿನ ರಾಷ್ಟ್ರೀಯ ಕಲಾ ಗ್ಯಾಲರಿಗೆ ಸೇರಿತು. ಹುಡುಗನಾಗಿದ್ದಾಗ ಚಿತ್ರ ನೋಡಲು ಹೋಗುತ್ತಿದ್ದ ಜಾಗ ಅದು.

ನೀವು ‘ಪಿಗ್ಮೇಲಿಯನ್’ನಿಂದಲೇ ಶುರುಮಾಡಿ. ಜಯಂತ ಕಾಯ್ಕಿಣಿಯವರು ಅದನ್ನು ‘ಸೇವಂತಿ ಪ್ರಸಂಗ’ವಾಗಿ ಕನ್ನಡಕ್ಕೆ ತಂದಿದ್ದಾರೆ, ಜೊತೆಗಿಟ್ಟುಕೊಳ್ಳಿ. ಷಾ ಮುನ್ನುಡಿಗಳನ್ನು ಆಮೇಲೆ ಓದಿದರಾಯಿತು. ಕೆಲವು ನಾಟಕಕ್ಕಿಂತ ಜಾಸ್ತಿ ಉದ್ದ ಇವೆ.